ತಂಡ ಗೆದ್ದಾಗ ಅಂಕ ಯಾರಿಗೆ?

ಐದೈದು ಜನರ ಎರಡು ತಂಡಗಳು ಬಂದೂಕು ಹಿಡಿದು ಕಾದುವ ಕೌಂಟರ್-ಸ್ಟ್ರೈಕ್ ಎಂಬ ವಿಡಿಯೊ ಆಟದ ಮಿರಾಜ್ ಮ್ಯಾಪಿನಲ್ಲಿ ಒಂದು ರೌಂಡು ಹೀಗೆ ಸಾಗುತ್ತದೆ ಅಂದುಕೊಳ್ಳಿ. ಬಾಂಬ್ ಇಡುವ ಎ, ಬಿ ಎಂಬ ಎರಡು ಸೈಟುಗಳಲ್ಲಿ ಐವರ ತಂಡ ಎ ಸೈಟಿಗೆ ನುಗ್ಗಬೇಕು. ಒಬ್ಬ ದೂರದಲ್ಲೇ ನಿಂತು ಜಂಗಲ್ ಎಂಬ ಮೂಲೆಯ ಕಡೆಗೊಂದು, ಸಿಟಿ ಎಂದು ಕರೆಯುವ ಎದುರಾಳಿಗಳ ನೆಲೆಯ ಕಡೆಗೊಂದು ಸ್ಮೋಕ್ (ಹೊಗೆ ಬಾಂಬ್) ಎಸೆದು ಎದುರಾಳಿಗಳಿಗೆ ಏನೂ ಕಾಣದಂತೆ ಮಾಡುತ್ತಾನೆ. ಇನ್ನೊಬ್ಬ ಕಣ್ಣು ಕೋರೈಸುವ ಫ್ಲ್ಯಾಶ್ ಹಾಕುತ್ತಾನೆ. ಮೂರನೆಯವನು ರ್ಯಾಂಪಿನಿಂದ ಎಲ್ಲರಿಗಿಂತ ಮೊದಲು ಒಳಗೆ ಹಾರಿ, ಎದುರಿಗೆ ಸಿಕ್ಕವನಿಗೆ 80ರಷ್ಟು ಡ್ಯಾಮೇಜ್ ಕೊಟ್ಟು ಸಾಯುತ್ತಾನೆ. ಅವನ ಬೆನ್ನಿಗೇ ಬಂದ ನಾಲ್ಕನೆಯವನು ಆ ಗಾಯಾಳುವನ್ನೂ, ಫ್ಲ್ಯಾಶಿಗೆ ಕಣ್ಣು ಕತ್ತಲಿಟ್ಟು ನಿಂತಿದ್ದ ಇನ್ನೊಬ್ಬನನ್ನೂ ಹೊಡೆಯುತ್ತಾನೆ. ಐದನೆಯವನು ಬಿ ಕಡೆಯ ಅಪಾರ್ಟ್‌ಮೆಂಟಿನಲ್ಲಿ ಒಂದೆರಡು ಹೆಜ್ಜೆ ಸದ್ದು ಮಾಡಿ, ಅಲ್ಲಿನ ಇಬ್ಬರು ಕಾವಲಿನವರು ಜಾಗ ಬಿಟ್ಟು ಕದಲದ ಹಾಗೆ ನೋಡಿಕೊಂಡಿರುತ್ತಾನೆ. ಅವನು ಒಂದು ಗುಂಡೂ ಹಾರಿಸಿಲ್ಲ. ಬಾಂಬ್ ಇಟ್ಟಾಯಿತು, ರೌಂಡ್ ಗೆದ್ದಾಯಿತು.

ಈಗ ಸ್ಕೋರ್‌ಬೋರ್ಡ್ ತೆರೆಯಿರಿ. ನಾಲ್ಕನೆಯವನಿಗೆ ಎರಡು ಕಿಲ್. ಫ್ಲ್ಯಾಶ್ ಹಾಕಿದವನಿಗೆ ಒಂದು ಅಸಿಸ್ಟ್, ಅಂದರೆ ಕಿಲ್‌ಗೆ ಕೊಟ್ಟ ನೆರವಿನ ಎಣಿಕೆ. ಮೊದಲು ನುಗ್ಗಿದವನಿಗೆ ಒಂದು ಅಸಿಸ್ಟ್ ಜೊತೆಗೊಂದು ಡೆತ್. ಸ್ಮೋಕ್ ಎಸೆದವನಿಗೂ ಬಿ ಕಡೆ ಕಾದವನಿಗೂ ಸೊನ್ನೆ. ಇಂಥ ಇಪ್ಪತ್ತು ರೌಂಡು ಕಳೆದ ಮೇಲೆ ನಾಲ್ಕನೆಯವನು ಪಟ್ಟಿಯ ತುದಿಯಲ್ಲಿರುತ್ತಾನೆ, ಐದನೆಯವನಿಗೆ ‘ನೀನೇನೂ ಆಡಲೇ ಇಲ್ಲ’ ಅಂತ ಚಾಟಿನಲ್ಲಿ ಬೈಗುಳ ಬಿದ್ದಿರುತ್ತದೆ. ಊರಿನ ವಾಲಿಬಾಲ್ ಅಂಗಳದಲ್ಲೂ ಇದೇ ನ್ಯಾಯ: ಶಿಳ್ಳೆ ಬೀಳುವುದು ಸ್ಮ್ಯಾಶ್ ಹೊಡೆದವನಿಗೆ, ಚೆಂಡನ್ನು ಅಳೆದು ಎತ್ತಿಕೊಟ್ಟ ಲಿಫ್ಟರ್ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಗಳದಲ್ಲಾದರೆ ಆಟ ಬಲ್ಲ ನಾಲ್ಕು ಹಿರಿಯರು ಲಿಫ್ಟರನ ಬೆಲೆ ಹೇಳುತ್ತಾರೆ. ಸರ್ವರಿನಲ್ಲಿ ಆ ಮಾತು ಹೇಳಬೇಕಾದದ್ದು ಒಂದು ಲೆಕ್ಕ. ಆ ಲೆಕ್ಕ ಹೇಗೆ ಕಟ್ಟುತ್ತಾರೆ, ಅದು ಎಲ್ಲಿ ಎಡವುತ್ತದೆ ಎನ್ನುವುದೇ ಈ ಬರಹ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಆಟಗಾರನ ಅಂಕವನ್ನು ಜನ ಮೂರು ಬೇರೆ ಬೇರೆ ಕೆಲಸಕ್ಕೆ ಬಳಸುತ್ತಾರೆ. ಮುಂದಿನ ಪಂದ್ಯಕ್ಕೆ ಸಮಬಲದ ಎದುರಾಳಿಗಳನ್ನು ಹುಡುಕಲು ಒಂದು, ತಂಡಕ್ಕೆ ಯಾರನ್ನು ಸೇರಿಸಿಕೊಳ್ಳಬೇಕೆಂದು ತೀರ್ಮಾನಿಸಲು ಇನ್ನೊಂದು, ತನ್ನ ಆಟ ಎಲ್ಲಿ ಸುಧಾರಿಸಬೇಕೆಂದು ತಿಳಿಯಲು ಮತ್ತೊಂದು. ಈ ಮೂರಕ್ಕೂ ಒಂದೇ ಸಂಖ್ಯೆ ಒಗ್ಗುವುದಿಲ್ಲ. ರೇಟಿಂಗ್ ಬಗ್ಗೆ ನಡೆಯುವ ಜಗಳಗಳಲ್ಲಿ ಹೆಚ್ಚಿನವು ಒಂದು ಕೆಲಸಕ್ಕೆ ಮಾಡಿದ ಅಂಕವನ್ನು ಇನ್ನೊಂದಕ್ಕೆ ಎಳೆದು ತಂದದ್ದರಿಂದ ಹುಟ್ಟಿದವು.

ಗೆಲುವನ್ನೇ ಎಣಿಸಿದರೆ?

ತೀರಾ ಸರಳ ದಾರಿ ಇದು: ಯಾರು ಏನು ಮಾಡಿದರು ಎಂದು ಕೇಳಲೇ ಬೇಡಿ, ತಂಡ ಗೆದ್ದಿತೋ ಸೋತಿತೋ ಅಷ್ಟನ್ನೇ ಬರೆದಿಡಿ. ಸ್ಮೋಕ್ ಎಸೆದವನಿಗೂ ಇಲ್ಲಿ ನ್ಯಾಯ ಸಿಗುತ್ತದೆ. ಚದುರಂಗಕ್ಕೆ ಈ ದಾರಿ ಹಾಕಿಕೊಟ್ಟವನು ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಆರ್ಪಾಡ್ ಎಲೋ. ಅವನ ಪದ್ಧತಿಯನ್ನು ಅಮೆರಿಕದ ಚೆಸ್ ಒಕ್ಕೂಟ 1960ರಲ್ಲಿ, ವಿಶ್ವ ಚೆಸ್ ಒಕ್ಕೂಟ ಫಿಡೆ 1970ರಲ್ಲಿ ಒಪ್ಪಿಕೊಂಡವು. ಇಬ್ಬರ ನಡುವೆ 200 ಅಂಕದ ಅಂತರವಿದ್ದರೆ ಬಲಶಾಲಿಗೆ ಪಂದ್ಯವೊಂದಕ್ಕೆ 0.76 ಅಂಕ ಸಿಗಬೇಕೆಂದು ಸೂತ್ರ ನಿರೀಕ್ಷಿಸುತ್ತದೆ. ಏರಿಳಿತದ ಗುಣಕ 20 ಎಂದಿಟ್ಟುಕೊಂಡರೆ, ಅವನು ಗೆದ್ದಾಗ ಬರುವುದು 4.8 ಅಂಕ, ಸೋತಾಗ ಹೋಗುವುದು 15.2. ದುರ್ಬಲನನ್ನು ಹೊಡೆದು ಹೊಟ್ಟೆ ತುಂಬಿಸಿಕೊಳ್ಳಲು ಆಗುವುದಿಲ್ಲ. ಸೊಗಸಾದ ವ್ಯವಸ್ಥೆ.

ಚದುರಂಗದಲ್ಲಿ ಗೆಲುವು ಒಬ್ಬನದು. ಹದಿನೈದು ಮಂದಿಯ ಎರಡು ತಂಡಗಳ ಆಟದಲ್ಲಿ ಗೆಲುವಿನ ಒಂದು ಚೂರು ಮಾತ್ರ ನಿಮ್ಮದು, ಮಿಕ್ಕದ್ದು ಉಳಿದ 29 ಜನರ ಅಂದಿನ ಹಣೆಬರಹ. ಹೀಗಾಗಿ ಗೆಲುವಿನ ಶೇಕಡಾವಾರು ಸುಳ್ಳು ಹೇಳದಿದ್ದರೂ ವಿಪರೀತ ನಿಧಾನ. ಲೆಕ್ಕ ಹಾಕಿ ನೋಡಿ. ಗೆಲುವಿನ ದರದ ಅನಿಶ್ಚಿತತೆ 100 ಪಂದ್ಯಕ್ಕೆ ಶೇ. 5, 1,000 ಪಂದ್ಯಕ್ಕೆ ಶೇ. 1.6, 2,500ಕ್ಕೆ ಶೇ. 1, 10,000ಕ್ಕೆ ಅರ್ಧ. ಇದರ ಎರಡು ಪಟ್ಟು ಆಚೀಚೆ ಆಗುವುದು ಮಾಮೂಲು. ನಿಜಕ್ಕೂ ಶೇ. 52 ಗೆಲ್ಲಬಲ್ಲವನೊಬ್ಬ ನೂರು ಪಂದ್ಯದ ಕೊನೆಗೆ 42 ಎಂದೂ ಕಾಣಬಹುದು, 62 ಎಂದೂ ಕಾಣಬಹುದು. 52ರವನನ್ನು 50ರವನಿಂದ ತಕ್ಕಮಟ್ಟಿಗೆ ಬೇರ್ಪಡಿಸಲು 2,500 ಪಂದ್ಯ ಬೇಕು. ಪಂದ್ಯಕ್ಕೆ 7 ನಿಮಿಷ ಹಿಡಿದರೂ ಸುಮಾರು 290 ಗಂಟೆ. ಅಷ್ಟರಲ್ಲಿ ಆಟವನ್ನೇ ತಿದ್ದುವ ನಾಲ್ಕು ಪ್ಯಾಚ್ ಬಂದಿರುತ್ತವೆ, ಆಡುವವನೂ ಬದಲಾಗಿರುತ್ತಾನೆ. ವಾರಾಂತ್ಯದ ಇಪ್ಪತ್ತು ಪಂದ್ಯ ಸೋತು ‘ಕೈ ಕೆಟ್ಟಿದೆ’ ಅಂತ ಮೌಸ್ ಬದಲಿಸುವವರು ಈ ಸಂಖ್ಯೆಗಳನ್ನು ಗೋಡೆಗೆ ಅಂಟಿಸಿಕೊಳ್ಳುವುದು ಒಳ್ಳೆಯದು.

ಈ ನಿಧಾನಕ್ಕೆ ಒಂದು ಮದ್ದು ಹುಡುಕಿದವರು ಮೈಕ್ರೋಸಾಫ್ಟ್‌ನ ಕೇಂಬ್ರಿಜ್ ಸಂಶೋಧನಾಲಯದ ರಾಲ್ಫ್ ಹೆರ್ಬ್ರಿಕ್, ಟಾಮ್ ಮಿಂಕಾ ಮತ್ತು ಥೋರ್ ಗ್ರೇಪಲ್. ಎಕ್ಸ್‌ಬಾಕ್ಸ್ 360ರ ಕಾಲಕ್ಕೆ ಅವರು ಕಟ್ಟಿದ ಟ್ರೂಸ್ಕಿಲ್ ಪದ್ಧತಿಯಲ್ಲಿ ಪ್ರತಿಯೊಬ್ಬನಿಗೂ ಎರಡು ಸಂಖ್ಯೆ: ಅಂದಾಜು ಬಲ ‘ಮ್ಯೂ’, ಆ ಅಂದಾಜಿನ ಮೇಲಿನ ಅನುಮಾನ ‘ಸಿಗ್ಮಾ’. ಹೊಸಬ 25 ಮ್ಯೂ, 8.33 ಸಿಗ್ಮಾದೊಂದಿಗೆ ಶುರುಮಾಡುತ್ತಾನೆ. ತಂಡದ ಬಲವೆಂದರೆ ಸದಸ್ಯರ ಬಲಗಳ ಮೊತ್ತ. ಪಂದ್ಯ ಮುಗಿದಾಗ ಯಾರ ಸಿಗ್ಮಾ ದೊಡ್ಡದೋ ಅವರ ಅಂಕ ಹೆಚ್ಚು ಕದಲುತ್ತದೆ, ನೂರಾರು ಪಂದ್ಯ ಆಡಿ ಗೊತ್ತಾದವರ ಅಂಕ ಅಲ್ಲಾಡುವುದೇ ಕಡಿಮೆ. ಪರದೆಯ ಮೇಲೆ ತೋರಿಸುವುದು ಮ್ಯೂನಿಂದ ಮೂರು ಸಿಗ್ಮಾ ಕಳೆದು ಉಳಿದದ್ದನ್ನು. ಅದಕ್ಕೇ ಹೊಸಬನ ಅಂಕ ಸೊನ್ನೆಯಿಂದ ಹೊರಡುತ್ತದೆ. ಇದರಲ್ಲೊಂದು ತಮಾಷೆ ಇದೆ. ಹೊಸದರಲ್ಲಿ ಬಲಿಷ್ಠರೆದುರು ಸೋತರೂ ಕೆಲವೊಮ್ಮೆ ತೋರುವ ಅಂಕ ಏರುತ್ತದೆ, ಯಾಕೆಂದರೆ ಮ್ಯೂ ಇಳಿದದ್ದಕ್ಕಿಂತ ಹೆಚ್ಚಾಗಿ ಅನುಮಾನ ಕರಗಿರುತ್ತದೆ.

ಒಬ್ಬನ ಬಲ ಗುರುತಿಸಲು ಎಷ್ಟು ಪಂದ್ಯ ಬೇಕೆಂದು ಮೈಕ್ರೋಸಾಫ್ಟ್ ಕೊಟ್ಟ ಪಟ್ಟಿ ಬಹಳ ಹೇಳುತ್ತದೆ. ಇಬ್ಬರ ಮುಖಾಮುಖಿಯಲ್ಲಿ 12, ನಾಲ್ವರ ಎರಡು ತಂಡಗಳಿದ್ದರೆ 46, ಎಂಟು ಮಂದಿಯ ಎರಡು ತಂಡಗಳಿದ್ದರೆ 91. ಎಂಟು ಜನ ತಂತಮ್ಮ ಪಾಡಿಗೆ ಆಡಿದರೆ ಬರೀ 3. ತಂಡದ ಗಾತ್ರ ಹಿಗ್ಗಿದಷ್ಟೂ ಬೇಕಾಗುವ ಪಂದ್ಯಗಳು ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಇವೂ ಒರಟು ಅಳತೆಗೆ ಸಾಕಾಗುವ ಪಂದ್ಯಗಳು ಮಾತ್ರ, 50ನ್ನೂ 52ನ್ನೂ ಬೇರ್ಪಡಿಸುವಷ್ಟು ನಯ ಇವಕ್ಕಿಲ್ಲ.

ಇಷ್ಟರ ನಡುವೆ ಗೆಲುವಿನ ದರಕ್ಕೇ ಒಂದು ಒಳಪೆಟ್ಟಿದೆ. ಎದುರಾಳಿಗಳನ್ನು ಜೋಡಿಸುವ ಮ್ಯಾಚ್‌ಮೇಕಿಂಗ್ ತನ್ನ ಕೆಲಸ ಸರಿಯಾಗಿ ಮಾಡಿತು ಅನ್ನಿ, ಆಗ ಎಲ್ಲರಿಗೂ ಸಮಬಲದ ಎದುರಾಳಿಗಳೇ ಸಿಗುತ್ತಾರೆ, ಎಲ್ಲರ ಗೆಲುವೂ 50ರ ಹತ್ತಿರ ಬಂದು ನಿಲ್ಲುತ್ತದೆ. ಕಿಲ್-ಡೆತ್ ಅನುಪಾತವೂ 1ರ ಸುತ್ತ ಸುಳಿಯತೊಡಗುತ್ತದೆ. ಅಂಥ ಆಟದಲ್ಲಿ ‘ನನ್ನ ವಿನ್‌ರೇಟ್ 50, ಹಾಗಾದರೆ ನಾನು ಸಾಧಾರಣ’ ಎನ್ನುವುದಕ್ಕೆ ಅರ್ಥವಿಲ್ಲ. ಬಲ ಅಡಗಿರುವುದು ಅವನು ಯಾವ ದರ್ಜೆಯ ಎದುರಾಳಿಗಳೊಡನೆ ಆ 50 ಗಳಿಸಿದ ಎನ್ನುವುದರಲ್ಲಿ. ಬಲ ನೋಡದೆ ಜನರನ್ನು ಕೂಡಿಸುವ ಆಟದಲ್ಲಿ ಮಾತ್ರ ಗೆಲುವಿನ ದರಕ್ಕೆ ನೇರ ಬೆಲೆ. ಅಂಥದೊಂದು ಆಟವನ್ನು ಹತ್ತಿರದಿಂದ ನೋಡೋಣ.

ಟ್ಯಾಂಕುಗಳ ಲೆಕ್ಕ

ವರ್ಲ್ಡ್ ಆಫ್ ಟ್ಯಾಂಕ್ಸ್ 2010ರಲ್ಲಿ ರಷ್ಯಾದಲ್ಲಿ ಬಿಡುಗಡೆಯಾದ, 15 ಜನರ ಎರಡು ತಂಡಗಳ ಆಟ. ಇದರ ರ್ಯಾಂಡಮ್ ಪಂದ್ಯಗಳಲ್ಲಿ ತಂಡ ಕಟ್ಟುವಾಗ ಟ್ಯಾಂಕಿನ ದರ್ಜೆ ಮತ್ತು ಬಗೆ ನೋಡುತ್ತಾರೆಯೇ ಹೊರತು ಆಡುವವನ ಕೈಚಳಕವನ್ನಲ್ಲ. ಆದ್ದರಿಂದ ಇಲ್ಲಿ ಅಳತೆಯ ಹುಚ್ಚು ಆಟಗಾರರಲ್ಲೇ ಹುಟ್ಟಿತು. ಅವರೇ ಸೂತ್ರ ಬರೆದರು, ತಿದ್ದಿದರು, ಎಂಟನೆಯ ಆವೃತ್ತಿಗೆ ಡಬ್ಲ್ಯುಎನ್8 ಎಂದು ಹೆಸರಿಟ್ಟರು. ಸಾರ್ವಜನಿಕವಾಗಿ ಬಿಚ್ಚಿಟ್ಟ ಸೂತ್ರವಾದ್ದರಿಂದ ಕಲಿಯಲು ಇದಕ್ಕಿಂತ ಒಳ್ಳೆಯ ಮಾದರಿ ಸಿಗದು.

ಇದರ ಮುಖ್ಯ ಜಾಣತನ ಟ್ಯಾಂಕಿಗೊಂದು ನಿರೀಕ್ಷೆ ಇಟ್ಟದ್ದು. ಭಾರಿ ಟ್ಯಾಂಕಿನವನನ್ನೂ ಹಗುರ ಟ್ಯಾಂಕಿನವನನ್ನೂ ಒಂದೇ ತಕ್ಕಡಿಗೆ ಹಾಕಿದರೆ ಅನ್ಯಾಯ. ಹಾಗಾಗಿ ಪ್ರತಿ ಟ್ಯಾಂಕಿಗೂ ಐದು ನಿರೀಕ್ಷಿತ ಸರಾಸರಿಗಳು: ಡ್ಯಾಮೇಜ್, ನಾಶಮಾಡಿದ ಟ್ಯಾಂಕು, ಮೊದಲು ಪತ್ತೆಹಚ್ಚಿದ ಶತ್ರು, ನೆಲೆ ಉಳಿಸಿದ ರಕ್ಷಣಾ ಅಂಕ, ಗೆಲುವು. ನಿಮ್ಮ ಸರಾಸರಿಯನ್ನು ಇವುಗಳಿಂದ ಭಾಗಿಸಿದರೆ ಐದು ಅನುಪಾತ ಬರುತ್ತವೆ. ಮುಂದಿನ ಹೆಜ್ಜೆ, ಸೊನ್ನೆಯನ್ನು ಸರಿಯಾದ ಜಾಗಕ್ಕೆ ತರುವುದು. ಏನೂ ಮಾಡದೆ ಮೂಲೆಯಲ್ಲಿ ನಿಂತವನೂ ಒಂದಷ್ಟು ಪಂದ್ಯ ಗೆಲ್ಲುತ್ತಾನಲ್ಲ, ಅದಕ್ಕೆ ಗೆಲುವಿನ ಅನುಪಾತದಿಂದ 0.71 ಕಳೆದು ಉಳಿದದ್ದನ್ನು 0.29ರಿಂದ ಭಾಗಿಸುತ್ತಾರೆ. ಇದೇ ರೀತಿ ಡ್ಯಾಮೇಜಿಗೆ 0.22, ನಾಶಕ್ಕೆ 0.12, ಪತ್ತೆಗೆ 0.38, ರಕ್ಷಣೆಗೆ 0.10. ಜೊತೆಗೊಂದು ಕಡಿವಾಣ: ಪತ್ತೆ ಮತ್ತು ರಕ್ಷಣೆಯ ಪಾಲು ಡ್ಯಾಮೇಜ್ ಪಾಲಿಗಿಂತ 0.1ರಷ್ಟು ಮಾತ್ರ ಮೇಲೆ ಹೋಗಬಹುದು, ನಾಶದ ಪಾಲು 0.2ರಷ್ಟು. ಕೊನೆಗೆ ಕೂಡಿಸುವುದು. ಡ್ಯಾಮೇಜ್ ಗುಣಿಸು 980, ಡ್ಯಾಮೇಜ್-ನಾಶ ಗುಣಲಬ್ಧಕ್ಕೆ 210, ನಾಶ-ಪತ್ತೆ ಗುಣಲಬ್ಧಕ್ಕೆ 155, ರಕ್ಷಣೆ-ನಾಶಕ್ಕೆ 75, ಗೆಲುವಿಗೆ 145 (ಗೆಲುವಿನ ಪಾಲು 1.8 ದಾಟುವಂತಿಲ್ಲ). ಎಲ್ಲದರಲ್ಲೂ ನಿರೀಕ್ಷೆಗೆ ಸರಿಸಮ ಆಡಿದವನಿಗೆ 1,565.

ಸೂತ್ರ ಓದಿದರೆ ನ್ಯಾಯವಾಗಿಯೇ ಕಾಣುತ್ತದೆ. ಇಬ್ಬರನ್ನು ಅದರೊಳಗೆ ಹಾಯಿಸಿ ನೋಡಿದರೆ ಕತೆ ಬೇರೆ. ಮೊದಲನೆಯವನು ಹಿಂದಿನ ಪೊದೆಯಲ್ಲಿ ಕೂತು ಬೇರೆಯವರು ಪತ್ತೆಹಚ್ಚಿದ ಟ್ಯಾಂಕುಗಳಿಗೆ ಹೊಡೆಯುವವನು: ಡ್ಯಾಮೇಜ್ ನಿರೀಕ್ಷೆಯ 1.3 ಪಟ್ಟು, ನಾಶ 1.2, ಪತ್ತೆ 0.5, ರಕ್ಷಣೆ 0.5, ಗೆಲುವು ನಿರೀಕ್ಷಿತ 50ಕ್ಕೆ ಬದಲು 48. ಎರಡನೆಯವನು ಮುಂದೆ ಹೋಗಿ ಶತ್ರುವನ್ನು ತೋರಿಸಿಕೊಡುವವನು, ಹಿಂದಿರುಗಿ ನೆಲೆಯನ್ನೂ ಕಾಯುವವನು: ಡ್ಯಾಮೇಜ್ 0.9, ನಾಶ 0.9, ಪತ್ತೆ 1.5, ರಕ್ಷಣೆ 1.5, ಗೆಲುವು 54. ಲೆಕ್ಕ ಮಾಡಿದರೆ ಪೊದೆಯವನಿಗೆ ಸುಮಾರು 1,917 ಬರುತ್ತದೆ, ಮುಂದೆ ಹೋದವನಿಗೆ 1,400. ನೂರು ಪಂದ್ಯದಲ್ಲಿ ಆರನ್ನು ಹೆಚ್ಚು ಗೆಲ್ಲಿಸುವವನು 517 ಅಂಕ ಹಿಂದೆ!

ತಪ್ಪು ಎಲ್ಲಿದೆ ಎಂದು ಬಿಡಿಸಿ ನೋಡಬಹುದು. 1,565ರಲ್ಲಿ 980 ಡ್ಯಾಮೇಜಿನದೇ. ಅದು ನಾಶದೊಂದಿಗೆ ಸೇರಿದ 210ನ್ನೂ ಕೂಡಿಸಿದರೆ ಮುಕ್ಕಾಲು ಭಾಗ ದಾಟುತ್ತದೆ. ಗೆಲುವಿಗೆ ಇರುವುದು ಶೇ. 9ರಷ್ಟು. ಎರಡನೆಯವನ ಪತ್ತೆಯ ಪಾಲು ನಿಜಕ್ಕೆ 1.81 ಆಗಬೇಕಿತ್ತು, ಆದರೆ ಅವನ ಡ್ಯಾಮೇಜ್ ಪಾಲು 0.87 ಆದ್ದರಿಂದ ಆ ಕಡಿವಾಣದ ಕತ್ತರಿಗೆ ಸಿಕ್ಕಿ 0.97ಕ್ಕೆ ನಿಂತಿತು. ರಕ್ಷಣೆಯದೂ ಅದೇ ಗತಿ, 1.56 ಇದ್ದದ್ದು 0.97ಕ್ಕೆ. ಆ ಕತ್ತರಿಯನ್ನು ಇಟ್ಟದ್ದು ಸುಮ್ಮನೆ ಅಲ್ಲ. ಪಂದ್ಯ ಶುರುವಾದ ಕೂಡಲೇ ಶತ್ರುಗಳ ನಡುವೆ ಓಡಿ ಐದಾರು ಟ್ಯಾಂಕು ಪತ್ತೆಹಚ್ಚಿ ಒಂದೇ ನಿಮಿಷಕ್ಕೆ ಸತ್ತು ಮುಂದಿನ ಪಂದ್ಯಕ್ಕೆ ಹಾರುವವರನ್ನು ತಡೆಯಲು ಇಟ್ಟದ್ದು. ಕಳ್ಳನಿಗೆಂದು ಹಾಕಿದ ಬೇಲಿ ದಾರಿಹೋಕನಿಗೆ ತಗುಲಿತು, ಅಷ್ಟೇ. ನೀವು ತೋರಿಸಿದ ಟ್ಯಾಂಕಿಗೆ ಜೊತೆಗಾರ ಹೊಡೆದ ಡ್ಯಾಮೇಜ್, ನಿಮ್ಮ ಉಕ್ಕಿನ ಕವಚ ತಡೆದ ಡ್ಯಾಮೇಜ್, ಇವೆರಡೂ ಸೂತ್ರದಲ್ಲಿ ಇಲ್ಲವೇ ಇಲ್ಲ. ಹಗುರ ಟ್ಯಾಂಕಿನ ಮುಖ್ಯ ಕೆಲಸ ಮೊದಲನೆಯದು, ಭಾರಿ ಟ್ಯಾಂಕಿನದು ಎರಡನೆಯದು.

ಆಮೇಲಿನದು ನಡತೆಯ ಕತೆ. ಎಕ್ಸ್‌ವಿಎಂ ಎಂಬ ಮಾಡ್ (ಆಟಕ್ಕೆ ಹೊರಗಿನವರು ಬರೆದ ಸೇರ್ಪಡೆ) ಹಾಕಿಕೊಂಡರೆ ಪಂದ್ಯದೊಳಗೇ ಪ್ರತಿಯೊಬ್ಬರ ಹೆಸರಿನ ಪಕ್ಕ ರೇಟಿಂಗ್ ಬಣ್ಣವಾಗಿ ಮೂಡುತ್ತಿತ್ತು: ಕೆಂಪಾದರೆ ‘ಟೊಮ್ಯಾಟೊ’ ಅಂದರೆ ದುರ್ಬಲ, ನೇರಳೆಯಾದರೆ ‘ಯೂನಿಕಮ್’ ಅಂದರೆ ಅತಿ ಬಲಿಷ್ಠ. ಎದುರು ಪಕ್ಷದ ಫಿರಂಗಿಗಳು ನೇರಳೆಯವನನ್ನೇ ಹುಡುಕಿ ಹೊಡೆಯತೊಡಗಿದವು. ತಂಡದ ಗೆಲ್ಲುವ ಸಾಧ್ಯತೆ ಕಡಿಮೆ ಎಂದು ಮಾಡ್ ತೋರಿಸಿದರೆ ಕೆಲವರು ಶುರುವಿಗೇ ಕೈಚೆಲ್ಲಿದರು. ಅಂಕ ಏರಿಸಲು ಹೊಸ ಖಾತೆ ತೆರೆದವರು, ಎಳೆಯ ಆಟಗಾರರಿರುವ ಕೆಳದರ್ಜೆಯಲ್ಲೇ ಬೀಡುಬಿಟ್ಟವರು, ಯಾವ ಟ್ಯಾಂಕಿನ ನಿರೀಕ್ಷೆ ಕಡಿಮೆ ಇದೆಯೋ ಅದನ್ನೇ ಓಡಿಸಿದವರು ಎಲ್ಲರೂ ಕಾಣಿಸಿಕೊಂಡರು. ಮೂವರು ಗಟ್ಟಿ ಆಟಗಾರರು ಪ್ಲಟೂನ್ ಕಟ್ಟಿ ಗೆಲುವಿನ ದರವನ್ನು ಏರಿಸಿಕೊಂಡರು. ಅದೇ ಮನುಷ್ಯ ಒಂಟಿಯಾಗಿ ಆಡಿದರೆ ಬರುವ ದರವೇ ಬೇರೆ. ನಿರೀಕ್ಷೆಯ ಪಟ್ಟಿಯನ್ನು ಹೊಸದಾಗಿ ಲೆಕ್ಕ ಹಾಕಿದ ದಿನ ಒಂದೂ ಪಂದ್ಯ ಆಡದವರ ಅಂಕವೂ ಬದಲಾಗುತ್ತಿತ್ತು. ಇಷ್ಟಾದರೂ ಡಬ್ಲ್ಯುಎನ್8 ನಿಷ್ಪ್ರಯೋಜಕ ಅಲ್ಲ. ಒಂದೇ ಟ್ಯಾಂಕಿನಲ್ಲಿ ಒಂಟಿಯಾಗಿ ಆಡಿದ ಇತ್ತೀಚಿನ ಪಂದ್ಯಗಳನ್ನಷ್ಟೇ ತೆಗೆದುಕೊಂಡು, ಪಕ್ಕದಲ್ಲಿ ಗೆಲುವಿನ ದರವನ್ನೂ ಇಟ್ಟು ಓದಿದರೆ ಬಹಳಷ್ಟು ತಿಳಿಯುತ್ತದೆ. ಎರಡೂ ಒಂದೇ ದಿಕ್ಕಿಗೆ ಹೋಗದಿದ್ದಾಗಲೇ ನೋಡಬೇಕಾದ ಸಂಗತಿ ಇರುವುದು.

ಕಿಲ್‌ಗಳೆಲ್ಲ ಒಂದೇ ಅಲ್ಲ

ಕೌಂಟರ್-ಸ್ಟ್ರೈಕ್‌ನಲ್ಲಿ ಇದೇ ಪ್ರಶ್ನೆಯನ್ನು ಎಚ್‌ಎಲ್‌ಟಿವಿ ತಾಣ 2010ರಿಂದ ತಿದ್ದುತ್ತಲೇ ಬಂದಿದೆ. ಮೊದಲ ರೇಟಿಂಗ್ ತೀರಾ ಸರಳ: ರೌಂಡಿಗೆ ಎಷ್ಟು ಕಿಲ್ ಎಂಬುದನ್ನು ಸರಾಸರಿ 0.679ರಿಂದ, ಬದುಕುಳಿದ ರೌಂಡುಗಳ ಪಾಲನ್ನು 0.317ರಿಂದ, ಒಂದೇ ರೌಂಡಿನ ಬಹುಕಿಲ್‌ಗಳ ತೂಕವನ್ನು 1.277ರಿಂದ ಭಾಗಿಸಿ, ಬದುಕುಳಿಯುವಿಕೆಗೆ 0.7 ತೂಕ ಕೊಟ್ಟು ಕೂಡಿಸಿ, 2.7ರಿಂದ ಭಾಗಿಸುವುದು. ಸಾಧಾರಣ ಆಟಗಾರನಿಗೆ 1.0. ಬದುಕುಳಿದದ್ದಕ್ಕೂ ಅಂಕ ಇದ್ದದ್ದರಿಂದ, ಸೋತ ರೌಂಡಿನಲ್ಲಿ ಬಂದೂಕು ಉಳಿಸಿಕೊಂಡು ಮೂಲೆ ಹಿಡಿದವನಿಗೂ, ಬಾಂಬ್ ಸಿಡಿಯುವ ಹೊತ್ತಿಗೆ ಓಡುವವರ ಬೆನ್ನಿಗೆ ಹೊಡೆದವನಿಗೂ ಲಾಭ. 2017ರ ಎರಡನೆಯ ಆವೃತ್ತಿಗೆ ರೌಂಡಿನ ಸರಾಸರಿ ಡ್ಯಾಮೇಜ್ ಸೇರಿತು. ಜೊತೆಗೆ ‘ಕಾಸ್ಟ್’ ಎಂಬ ಎಣಿಕೆ. ಯಾವ ರೌಂಡಿನಲ್ಲಿ ನೀವು ಕಿಲ್ ಮಾಡಿದಿರೋ, ಅಸಿಸ್ಟ್ ಕೊಟ್ಟಿರೋ, ಬದುಕುಳಿದಿರೋ, ಇಲ್ಲವೇ ಸತ್ತ ಮರುಗಳಿಗೆಯೇ ಜೊತೆಗಾರ ನಿಮ್ಮ ಸೇಡು ತೀರಿಸಿಕೊಂಡನೋ, ಅಂಥ ರೌಂಡುಗಳ ಶೇಕಡಾವಾರು ಅದು. ಮಿರಾಜ್‌ನ ರ್ಯಾಂಪಿನಲ್ಲಿ ಮೊದಲು ಬಿದ್ದವನ ಸಾವಿಗೆ ಬೆಲೆ ಬಂದದ್ದು ಇದರಿಂದ. ಬಿ ಕಡೆಯವನಿಗೂ, ಬದುಕಿ ಉಳಿದಿದ್ದರೆ, ಆ ರೌಂಡು ಖಾತೆಗೆ ಬೀಳುತ್ತದೆ.

ದುಡ್ಡಿನ ಲೆಕ್ಕ ಬಾಕಿ ಇತ್ತು. ಈ ಆಟದಲ್ಲಿ ಪ್ರತಿ ಅರ್ಧವೂ ಆಟದೊಳಗಿನ 800 ಡಾಲರಿನಿಂದ ಶುರು, ಎಕೆ-47 ಬೇಕೆಂದರೆ 2,700, ಎಡಬ್ಲ್ಯುಪಿ ಸ್ನೈಪರ್‌ಗೆ 4,750. ದುಡ್ಡು ಖಾಲಿಯಾದ ತಂಡ ಪಿಸ್ತೂಲು ಹಿಡಿದು ಬಂದಾಗ ಎಕೆ ಹಿಡಿದವನು ಮೂವರನ್ನು ಉರುಳಿಸುವುದು ದೊಡ್ಡ ಸಾಧನೆಯಲ್ಲ, ಪಿಸ್ತೂಲಿನವನು ಎಕೆಯವನನ್ನು ಒಬ್ಬನನ್ನು ಕೆಡವಿದರೂ ಸಾಧನೆಯೇ. 2025ರಲ್ಲಿ ಬಂದ ಮೂರನೆಯ ಆವೃತ್ತಿ ಈ ಬಂದೂಕಿನ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಒಂದು ಕಿಲ್ ಅಥವಾ ಸಾವು ತಂಡದ ಗೆಲ್ಲುವ ಸಾಧ್ಯತೆಯನ್ನು ಎಷ್ಟು ಕದಲಿಸಿತು ಎಂಬುದನ್ನೂ ಸೇರಿಸಿತು. ಸರಿಯಾದ ದಿಕ್ಕು ಇದೇ ಎಂದು ನಮ್ಮ ಎಣಿಕೆ. ಐದಕ್ಕೆ ಐದು ಇದ್ದಾಗಿನ ಕಿಲ್, ಐದಕ್ಕೆ ಒಂದು ಉಳಿದಾಗಿನ ಕಿಲ್ ಎರಡಕ್ಕೂ ಒಂದೇ ಬೆಲೆ ಕಟ್ಟುವುದು ಯಾವ ಅಂಗಡಿಯ ಲೆಕ್ಕವೂ ಅಲ್ಲ.

ಇದೇ ಬಗೆಯ ಇನ್ನೊಂದು ಆಟ ವ್ಯಾಲೊರಂಟ್‌ನ ಸರಾಸರಿ ಕಾಂಬ್ಯಾಟ್ ಸ್ಕೋರ್ ಈ ಅಂತರವನ್ನು ಒಂದು ಒರಟು ನಿಯಮದಿಂದ ಹಿಡಿಯಲು ನೋಡುತ್ತದೆ. ಪ್ರತಿ ಡ್ಯಾಮೇಜಿಗೆ ಒಂದು ಅಂಕ. ಕಿಲ್‌ಗೆ, ಎದುರು ಎಷ್ಟು ಜನ ಉಳಿದಿದ್ದರು ಎಂಬುದರ ಮೇಲೆ 150, 130, 110, 90, 70. ಅಂದರೆ ರೌಂಡಿನ ಮೊದಲ ಕಿಲ್ ದುಬಾರಿ, ಕೊನೆಯದು ಅಗ್ಗ. ಬಹಳ ಸಲ ಇದು ಸರಿಯೇ. ಆದರೆ ಎರಡೂ ಕಡೆ ಒಬ್ಬೊಬ್ಬರೇ ಉಳಿದು, ಸ್ಪೈಕ್ (ಆ ಆಟದ ಬಾಂಬ್) ಟಿಕ್ ಟಿಕ್ ಎನ್ನುತ್ತಿರುವಾಗ ಇಡೀ ರೌಂಡನ್ನು ತೀರ್ಮಾನಿಸುವ ಕಿಲ್‌ಗೆ 70 ಅಂಕ. ಪಂದ್ಯದಲ್ಲಿ ಅದಕ್ಕಿಂತ ದೊಡ್ಡ ಕಿಲ್ ಇರಲಿಕ್ಕಿಲ್ಲ! ಆಟದಲ್ಲಿ ಎಂವಿಪಿ (ಪಂದ್ಯದ ಶ್ರೇಷ್ಠ ಆಟಗಾರ) ಎಂದು ತಮ್ಮ ಹೆಸರು ನೋಡಿ ಬೀಗುವವರು ಇದನ್ನು ನೆನಪಿಟ್ಟಿರಬೇಕು.

ಗುಣಪಡಿಸುವವರು, ಗುರಾಣಿ ಹಿಡಿಯುವವರು ಇರುವ ಆಟಗಳಲ್ಲಿ ಪಾಡು ಇನ್ನೂ ಕಷ್ಟ. 2016ರಲ್ಲಿ ಬಂದ ಓವರ್‌ವಾಚ್ ಗೆಲುವು-ಸೋಲಿನ ಜೊತೆಗೆ ವೈಯಕ್ತಿಕ ಸಾಧನೆಯನ್ನೂ ರ್ಯಾಂಕಿಗೆ ಸೇರಿಸುತ್ತಿತ್ತು. ಅದರಲ್ಲಿ ಮರ್ಸಿ ಎಂಬ ಪಾತ್ರಕ್ಕೆ ಸತ್ತ ಜೊತೆಗಾರರನ್ನು ಒಮ್ಮೆಗೇ ಎಬ್ಬಿಸುವ ಶಕ್ತಿಯಿತ್ತು. ಐವರನ್ನು ಒಟ್ಟಿಗೆ ಎಬ್ಬಿಸಿದರೆ ಲೆಕ್ಕದಲ್ಲಿ ಮಹಾಸಾಧನೆ. ಹಾಗಾಗಿ ಜೊತೆಗಾರರು ಸಾಯುವ ತನಕ ಗೋಡೆಯ ಹಿಂದೆ ಅಡಗಿ ಕೂರುವ ವೈದ್ಯರು ಹುಟ್ಟಿಕೊಂಡರು. 2017ರಲ್ಲಿ ಆ ಶಕ್ತಿಯನ್ನೇ ಬದಲಿಸಿ ಒಬ್ಬರನ್ನಷ್ಟೇ ಎಬ್ಬಿಸುವಂತೆ ಮಾಡಿದರು. 2018ರ ಆರಂಭಕ್ಕೆ ಡೈಮಂಡ್ ಮತ್ತು ಅದರ ಮೇಲಿನ ದರ್ಜೆಗಳಲ್ಲಿ ವೈಯಕ್ತಿಕ ಸಾಧನೆಯ ಪಾಲನ್ನೇ ತೆಗೆದು, ಗೆಲುವು-ಸೋಲನ್ನಷ್ಟೇ ಉಳಿಸಿದರು. ಕೆಳದರ್ಜೆಗಳಲ್ಲಿ ಉಳಿಸಿಕೊಂಡದ್ದಕ್ಕೂ ಅರ್ಥವಿದೆ. ಅಲ್ಲಿ ಹೊಸಬರನ್ನು ಬೇಗ ಸರಿಯಾದ ಜಾಗಕ್ಕೆ ತಲುಪಿಸಬೇಕು, ಗೆಲುವನ್ನಷ್ಟೇ ನಂಬಿದರೆ ತಡವಾಗುತ್ತದೆ. ಮೇಲಿನ ದರ್ಜೆಯವರಿಗೆ ಆಡಿದ ಪಂದ್ಯಗಳು ಬೇಕಾದಷ್ಟಿರುತ್ತವೆ, ಸೂತ್ರವನ್ನು ಮೋಸಗೊಳಿಸುವ ಜಾಣತನವೂ ಬೇಕಾದಷ್ಟಿರುತ್ತದೆ.

2018ರಲ್ಲೇ ಮೈಕ್ರೋಸಾಫ್ಟ್ ಪ್ರಕಟಿಸಿದ ಟ್ರೂಸ್ಕಿಲ್ 2 ಈ ಎರಡನ್ನೂ ಹದವಾಗಿ ಬೆರೆಸಿದೆ. ಕಿಲ್, ಡೆತ್‌ಗಳನ್ನು ಅದು ನೇರವಾಗಿ ಅಂಕವಾಗಿ ಕೂಡಿಸುವುದಿಲ್ಲ. ಗೆಲುವಿಗೆ ಕಾರಣವಾಗುವ ಬಲವನ್ನು ಊಹಿಸಲು ಸುಳಿವಾಗಿ ಮಾತ್ರ ಬಳಸುತ್ತದೆ. ಒಟ್ಟಾಗಿ ಬಂದ ಗೆಳೆಯರ ಗುಂಪಿಗೆ ಬೇರೆ ತೂಕ ಕೊಡುತ್ತದೆ, ನಡುವೆ ಬಿಟ್ಟುಹೋದವರನ್ನು ಗಮನಿಸುತ್ತದೆ, ಒಂದು ಬಗೆಯ ಪಂದ್ಯದಲ್ಲಿ ತಿಳಿದದ್ದನ್ನು ಇನ್ನೊಂದಕ್ಕೆ ಒಯ್ಯುತ್ತದೆ. ಹೇಲೋ 5 ಎಂಬ ಆಟದ ಹಳೆಯ ಪಂದ್ಯಗಳ ಫಲಿತಾಂಶ ಊಹಿಸುವುದರಲ್ಲಿ ಮೊದಲ ಟ್ರೂಸ್ಕಿಲ್ ಶೇ. 52 ಸರಿಯಾಗಿದ್ದರೆ ಇದು ಶೇ. 68 ಮುಟ್ಟಿತು. ನಾಣ್ಯ ಚಿಮ್ಮಿದರೂ 50 ಬರುತ್ತದೆ ಎಂಬುದನ್ನು ಗಮನದಲ್ಲಿಟ್ಟುಕೊಂಡರೆ ಈ ಜಿಗಿತ ಸಣ್ಣದಲ್ಲ.

ನಮ್ಮ ಕಡೆ ಹೆಚ್ಚು ಜನ ಆಡುವ ಬಿಜಿಎಂಐ ಟೂರ್ನಿಗಳ ಪದ್ಧತಿ ಬೇರೆ. ನಾಲ್ವರ 16 ತಂಡ. ಮೊದಲ ಸ್ಥಾನಕ್ಕೆ 10 ಅಂಕ, ಆಮೇಲೆ 6, 5, 4, 3, 2, 1, 1, ಪ್ರತಿ ಫಿನಿಷ್‌ಗೂ (ಇಲ್ಲಿ ಕಿಲ್‌ಗೆ ಇಟ್ಟ ಹೆಸರು) ಒಂದು. ಒಂದೂ ಫಿನಿಷ್ ಇಲ್ಲದೆ ಎರಡನೆಯದಾಗಿ ಉಳಿದ ತಂಡವೂ, ಆರು ಫಿನಿಷ್ ಮಾಡಿ ಹನ್ನೆರಡನೆಯದಾಗಿ ಬಿದ್ದ ತಂಡವೂ ಸಮ. ತಂಡದ ಮಟ್ಟಿಗೆ ಇದು ಚೊಕ್ಕ. ಮನೆಯಲ್ಲಿ ಕೂತು ದರ್ಜೆ ಏರಲು ಆಡುವ ಟಿಯರ್ ಪುಷ್‌ನಲ್ಲಿ ಮಾತ್ರ ಬದುಕುಳಿದಷ್ಟೂ ಅಂಕ ಏರುವುದರಿಂದ ಅಗ್ರ 500 ಜನರ ಕಾಂಕರರ್ ಪದವಿಗೆ ಅಡಗಿ ಕೂತೇ ಏರುವವರಿದ್ದಾರೆ. ಇನ್ನೊಂದು ಸಂಗತಿಯನ್ನು ಯಾವ ರೇಟಿಂಗೂ ಬಾಯಿಬಿಟ್ಟು ಹೇಳುವುದಿಲ್ಲ. ಅಳೆಯುತ್ತಿರುವುದು ಬರೀ ಆಟಗಾರನನ್ನಲ್ಲ, ಆಟಗಾರ, ಫೋನು, ನೆಟ್‌ವರ್ಕು ಮೂರನ್ನೂ ಸೇರಿಸಿ. ಸೆಕೆಂಡಿಗೆ 40 ಫ್ರೇಮ್ ಕೊಡುವ ಅಗ್ಗದ ಫೋನಿನಲ್ಲಿ, ಸಂಜೆಯಾದರೆ ಪಿಂಗ್ (ಸರ್ವರಿಗೆ ಹೋಗಿಬರುವ ಹೊತ್ತು) ಕುಣಿಯುವ ಮೊಬೈಲ್ ಡೇಟಾದಲ್ಲಿ ಹಳ್ಳಿಯಿಂದ ಆಡುವವನ ಅಂಕವನ್ನು, ಫೈಬರ್ ಮತ್ತು 90 ಫ್ರೇಮಿನ ಫೋನಿರುವ ನಗರದವನ ಅಂಕದೊಂದಿಗೆ ಹೋಲಿಸಿ ತಂಡಕ್ಕೆ ಆಯ್ಕೆ ಮಾಡುವುದು ಸರಿಯಲ್ಲ. ಸಮಬಲದ ಪಂದ್ಯ ಹುಡುಕಲು ಅದೇ ಅಂಕ ಪೂರ್ತಿ ಸರಿ, ಯಾಕೆಂದರೆ ಅವನು ನಾಳೆಯೂ ಅದೇ ಫೋನಿನಲ್ಲೇ ಆಡುವವನು.

ಹತ್ತು ಜನರ ಗುಂಪಿಗೆ

ಕಾಲೇಜಿನ ಗುಂಪೋ ಗೇಮಿಂಗ್ ಕೆಫೆಯೋ ತಮ್ಮದೇ ಐದು-ಐದು ಜನರ ಲೀಗ್ ನಡೆಸುವುದಿದ್ದರೆ ಅಳತೆಯನ್ನು ತಾವೇ ಕಟ್ಟಿಕೊಳ್ಳಬಹುದು, ಕಷ್ಟವೇನಿಲ್ಲ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಟ್ರೂಸ್ಕಿಲ್ ಹೆಸರಿನದೇ ಲೈಬ್ರರಿ ಇದೆ. ಟ್ರೂಸ್ಕಿಲ್‌ಗೆ ಮೈಕ್ರೋಸಾಫ್ಟ್ ಪೇಟೆಂಟ್ ಪಡೆದಿತ್ತು, ಹಾಗಾಗಿ ದುಡ್ಡಿನ ವ್ಯವಹಾರವಿದ್ದರೆ ಓಪನ್‌ಸ್ಕಿಲ್ ಬಳಸುವುದು ಕ್ಷೇಮ. ಅದು ವೆಂಗ್ ಮತ್ತು ಲಿನ್ 2011ರಲ್ಲಿ ಪ್ರಕಟಿಸಿದ ವಿಧಾನದ ಮೇಲೆ ನಿಂತಿದೆ, ಆರಂಭದ ಸಂಖ್ಯೆಗಳೂ ಅವೇ. ಟ್ರೂಸ್ಕಿಲ್ ಲೈಬ್ರರಿಯಲ್ಲಿ ಡ್ರಾ ಸಾಧ್ಯತೆ ತಾನಾಗಿ ಶೇ. 10 ಇರುತ್ತದೆ. ಡ್ರಾ ಆಗದ ಆಟಕ್ಕೆ ಅದನ್ನು ಸೊನ್ನೆ ಮಾಡಲು ಮರೆಯುವವರು ಬಹಳ. ಪ್ರತಿ ಪಂದ್ಯದ ದಿನಾಂಕ, ಮ್ಯಾಪು, ಎರಡೂ ತಂಡದ ಹೆಸರು, ಗೆದ್ದವರು, ಯಾರಾದರೂ ನಡುವೆ ಬಿಟ್ಟುಹೋದರೇ ಎಂಬಿಷ್ಟನ್ನು ಒಂದು ಶೀಟಿನಲ್ಲಿ ಬರೆದಿಡಿ. ನಾಲ್ವರಾಗಿ ಆಡಿದ ಪಂದ್ಯವನ್ನು ಲೆಕ್ಕದಿಂದ ಕೈಬಿಡುವುದೇ ಮೇಲು.

ತಂಡ ಹಂಚುವುದು ಇನ್ನೂ ಸುಲಭ. ಹತ್ತು ಜನರನ್ನು ಐದೈದಾಗಿ ಒಡೆಯಲು ಇರುವುದು 126 ದಾರಿ. ಎಲ್ಲವನ್ನೂ ಎಣಿಸಿ, ಎರಡು ತಂಡಗಳ ಮ್ಯೂ ಮೊತ್ತದ ಅಂತರ ಯಾವುದರಲ್ಲಿ ಕಡಿಮೆಯೋ ಅದನ್ನು ತೆಗೆದುಕೊಂಡರಾಯಿತು. ಆದರೆ ಯಾವಾಗಲೂ ಅತ್ಯುತ್ತಮ ಹಂಚಿಕೆಯನ್ನೇ ಹಿಡಿಯಬೇಡಿ, ಮೊದಲ ಹತ್ತರಲ್ಲಿ ಒಂದನ್ನು ಚೀಟಿ ಎತ್ತಿ ಆರಿಸಿ. ಕಾರಣ ಇದು: ಇಬ್ಬರು ಗೆಳೆಯರು ಪ್ರತಿ ಸಲವೂ ಒಂದೇ ತಂಡದಲ್ಲಿದ್ದರೆ, ಗೆಲ್ಲಿಸುವವನು ಇವನೋ ಅವನೋ ಎಂದು ಹೇಳಲು ಯಾವ ಸೂತ್ರಕ್ಕೂ ಆಗದು. ಇಬ್ಬರ ಅಂಕವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತದೆ, ಸಿಗ್ಮಾ ಮಾತ್ರ ಸುಳ್ಳುಸುಳ್ಳೇ ಕುಗ್ಗುತ್ತ ಹೋಗುತ್ತದೆ. ಲೀಗ್ ನಡೆಸುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ, ಯಾಕೆಂದರೆ ಗೆಳೆಯರು ಜೊತೆ ಬಿಡಲು ಒಪ್ಪುವುದಿಲ್ಲ.

ಸೂತ್ರ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ಪಂದ್ಯಕ್ಕೆ ಮುಂಚೆಯೇ ಗೆಲ್ಲುವ ಸಾಧ್ಯತೆಯನ್ನು ಬರೆದಿಟ್ಟು, ಆಮೇಲೆ ಫಲಿತಾಂಶದಿಂದ (ಗೆದ್ದರೆ 1, ಸೋತರೆ 0) ಅದರ ಅಂತರದ ವರ್ಗ ತೆಗೆದು ಸರಾಸರಿ ಮಾಡಿ. ಪ್ರತಿ ಸಲ 50-50 ಅಂದವನಿಗೆ ಬರುವುದು 0.25, ಅದಕ್ಕಿಂತ ಕಡಿಮೆ ಬಂದರೆ ಸೂತ್ರಕ್ಕೆ ಏನೋ ಗೊತ್ತಿದೆ ಎಂದರ್ಥ. ತಂಡಗಳನ್ನು ಚೆನ್ನಾಗಿ ಸರಿದೂಗಿಸಿದ್ದರೆ ಈ ಸಂಖ್ಯೆ 0.25ರ ಹತ್ತಿರವೇ ಇರುತ್ತದೆ, ಅದು ಸೋಲಲ್ಲ. ಪರೀಕ್ಷೆಗೆಂದೇ ಆಗೊಮ್ಮೆ ಈಗೊಮ್ಮೆ ಅಸಮಬಲದ ಪಂದ್ಯ ಆಡಿಸಬೇಕು. ದೊಡ್ಡ ಪ್ಯಾಚ್ ಬಂದಾಗ, ಒಬ್ಬ ಮೂರು ತಿಂಗಳು ಬಿಟ್ಟು ಮರಳಿದಾಗ ಮ್ಯೂ ಮುಟ್ಟದೆ ಸಿಗ್ಮಾವನ್ನಷ್ಟೇ ಹಿಗ್ಗಿಸಿ. ಕಿಲ್, ಡ್ಯಾಮೇಜುಗಳನ್ನು ಈ ಅಂಕಕ್ಕೆ ಬೆರೆಸಬೇಡಿ. ಬೇರೆ ಹಾಳೆಯಲ್ಲಿಟ್ಟು, ಆಟಗಾರ ಕೇಳಿದರೆ ಅವನಿಗೊಬ್ಬನಿಗೇ ತೋರಿಸಿ. ಎಲ್ಲರೆದುರು ಪಟ್ಟಿ ಹಾಕಿದ ಮರುದಿನದಿಂದಲೇ ಸ್ಮೋಕ್ ಎಸೆಯುವವರ ಸಂಖ್ಯೆ ಕಡಿಮೆಯಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಹಿಡಿತಕ್ಕೆ ಸಿಗದವನೊಬ್ಬ ಉಳಿಯುತ್ತಾನೆ: ಮೈಕಿನಲ್ಲಿ ಕೂಗಿ ತಂಡ ನಡೆಸುವ ನಾಯಕ. ಡೆನ್ಮಾರ್ಕಿನ ಫಿನ್ ಆ್ಯಂಡರ್ಸನ್, ಆಟದ ಹೆಸರಲ್ಲಿ ಕ್ಯಾರಿಗನ್, ಎಚ್‌ಎಲ್‌ಟಿವಿ ರೇಟಿಂಗಿನಲ್ಲಿ ಹಲವು ವರ್ಷ 1.0ಕ್ಕಿಂತ ಕೆಳಗೇ ಇದ್ದವನು. 2022ರ ಮೇ ತಿಂಗಳಲ್ಲಿ ಫೇಜ್ ಕ್ಲ್ಯಾನ್ ತಂಡಕ್ಕೆ ಕೌಂಟರ್-ಸ್ಟ್ರೈಕ್‌ನ ದೊಡ್ಡ ಟೂರ್ನಿ ಆಂಟ್‌ವರ್ಪ್ ಮೇಜರ್ ಗೆಲ್ಲಿಸಿಕೊಟ್ಟದ್ದು ಅವನ ನಾಯಕತ್ವ. ಅವನು ಕೊಟ್ಟ ಒಂದು ಸರಿಯಾದ ಆದೇಶದಿಂದ ಬಂದ ಕಿಲ್‌ಗಳು ಬೇರೆ ನಾಲ್ವರ ಹೆಸರಿಗೆ ಬೀಳುತ್ತವೆ. ವೃತ್ತಿಪರ ತಂಡಗಳಲ್ಲಿ ಅದೇ ಐವರು ತಿಂಗಳುಗಟ್ಟಲೆ ಒಟ್ಟಿಗೇ ಆಡುವುದರಿಂದ ಅವನ ಪಾಲನ್ನು ಲೆಕ್ಕದಿಂದ ಬೇರ್ಪಡಿಸಲು ದಾರಿಯಿಲ್ಲ. ಅವನು ತಂಡ ಬದಲಿಸಿದಾಗ ಹಳೆಯದಕ್ಕೆ ಏನಾಯಿತು, ಹೊಸದಕ್ಕೆ ಏನಾಯಿತು ಎಂದು ನೋಡಬಹುದು. ಒಬ್ಬನ ವೃತ್ತಿಜೀವನದಲ್ಲಿ ಅಂಥ ಬದಲಾವಣೆಗಳು ಬೆರಳೆಣಿಕೆಯಷ್ಟು. ನಿಮ್ಮ ಹತ್ತು ಜನರ ಲೀಗಿನಲ್ಲಿ ಮಾತ್ರ, ತಂಡಗಳು ದಿನವೂ ಕಲಸಿಕೊಳ್ಳುವುದರಿಂದ, ಅಂಥವನ ಮ್ಯೂ ಎರಡು-ಮೂರು ತಿಂಗಳಲ್ಲಿ ತಾನಾಗಿಯೇ ಮೇಲೆದ್ದು ಕಾಣುತ್ತದೆ, ಕಿಲ್ ಹಾಳೆಯಲ್ಲಿ ಅವನು ಕೊನೆಯಲ್ಲಿದ್ದರೂ.